ಸ್ಟೀಮ್‌ನ ವಿಷಯವಾರು ಹಬ್ಬಗಳು: ಅಡಿಕೆ ತೋಟದ ಆಟವೊಂದನ್ನು ಅಲ್ಲಿಗೆ ಒಯ್ದ ಅನುಭವ

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಯಲ್ಲಿ, ಜಗುಲಿಗೆ ಹೊಂದಿಕೊಂಡ ಸಣ್ಣ ಕೋಣೆಯಲ್ಲಿ ಕುಳಿತು, ನಾನು ಮತ್ತು ನನ್ನ ತಂಗಿ ಮೂರು ವರ್ಷ ದುಡಿದು ಒಂದು ಕಂಪ್ಯೂಟರ್ ಆಟವನ್ನು ಕಟ್ಟಿದೆವು. ಅಡಿಕೆ ತೋಟವೊಂದರ ಒಂದು ವರ್ಷವೇ ಅದರ ವಸ್ತು. ಮುಂಗಾರು ಹಿಡಿಯುವ ಮೊದಲು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕು, ಮಳೆ ಬಿಡುವು ಕೊಟ್ಟಾಗ ಎರಡನೆಯ ಸುತ್ತು ಮುಗಿಸಬೇಕು, ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರ ಸಿಕ್ಕ ದಿನ ಕೊನೆ ತೆಗೆಸಬೇಕು, ಸುಲಿಸಿ, ಬೇಯಿಸಿ, ಚೊಗರು ಎಂಬ ಕೆಂಪು ಬಣ್ಣ ಕೊಟ್ಟು, ಒಣಗಿಸಿ, ವಿಂಗಡಿಸಿ ಶಿವಮೊಗ್ಗದ ಮಂಡಿಗೆ ಕಳುಹಿಸಬೇಕು. ಚಿತ್ರಗಳೆಲ್ಲ ತಂಗಿಯವು, ಕೋಡ್ ನನ್ನದು. ಆಟ ಒಂದು ರೂಪಕ್ಕೆ ಬಂದ ಮೇಲೆ, ಮಲೆನಾಡಿನ ಒಂದು ಮೂಲೆಯಲ್ಲಿ ಹುಟ್ಟಿದ ಈ ವಸ್ತುವನ್ನು ಅದನ್ನು ಇಷ್ಟಪಡಬಹುದಾದವರ ಕಣ್ಣಿಗೆ ಬೀಳಿಸುವುದು ಹೇಗೆ ಎಂಬ ಪ್ರಶ್ನೆ ಎದುರಾಯಿತು. ಅದಕ್ಕಾಗಿ ನಾವು ಮುಖ್ಯವಾಗಿ ನೆಚ್ಚಿದ್ದು ಸ್ಟೀಮ್ ಅಂಗಡಿಯಲ್ಲಿ ನಡೆಯುವ ವಿಷಯವಾರು ಹಬ್ಬಗಳನ್ನು. ಆ ಹಬ್ಬಗಳನ್ನು ಒಂದು ಸೇವೆಯೆಂದು ಪರಿಗಣಿಸಿ, ನಮ್ಮಂಥ ಸಣ್ಣ ತಯಾರಕರಿಗೆ ಅವು ಎಷ್ಟರ ಮಟ್ಟಿಗೆ ಒದಗಿಬರುತ್ತವೆ ಎಂಬುದನ್ನು ಇಲ್ಲಿ ಪರಿಶೀಲಿಸುತ್ತಿದ್ದೇನೆ.

ಸ್ಟೀಮ್ ಎಂಬುದು ಅಮೆರಿಕದ ವಾಲ್ವ್ ಕಂಪನಿ 2003ರಲ್ಲಿ ಆರಂಭಿಸಿದ ಆನ್‌ಲೈನ್ ಆಟಗಳ ಅಂಗಡಿ. ಅಲ್ಲಿ ಯಾರು ಬೇಕಾದರೂ ಒಂದು ಆಟಕ್ಕೆ 100 ಡಾಲರ್ ಶುಲ್ಕ ಕಟ್ಟಿ ಮಳಿಗೆ ತೆರೆಯಬಹುದು. ಆಟದ ಗಳಿಕೆ 1,000 ಡಾಲರ್ ದಾಟಿದ ಮೇಲೆ ಆ ಶುಲ್ಕ ಮರಳಿ ಬರುತ್ತದೆ. ಮಾರಾಟದ ಹಣದಲ್ಲಿ ಸಾಮಾನ್ಯವಾಗಿ ಶೇಕಡ 30ರಷ್ಟನ್ನು ಅಂಗಡಿ ಇಟ್ಟುಕೊಳ್ಳುತ್ತದೆ. ಬಾಗಿಲು ಇಷ್ಟು ಸುಲಭವಾಗಿ ತೆರೆಯುವುದರಿಂದಲೇ ಒಳಗಿನ ನೂಕುನುಗ್ಗಲೂ ದೊಡ್ಡದು. 2024ರ ಒಂದೇ ವರ್ಷದಲ್ಲಿ ಅಲ್ಲಿ ಬಿಡುಗಡೆಯಾದ ಆಟಗಳ ಸಂಖ್ಯೆ 18 ಸಾವಿರವನ್ನು ಮೀರಿತ್ತು. ದಿನಕ್ಕೆ ಸರಾಸರಿ ಐವತ್ತರಂತೆ ಹೊಸ ಆಟಗಳು ಬಂದು ಸೇರುವ ಜಾಗದಲ್ಲಿ ಬರೀ ಮಳಿಗೆ ತೆರೆದು ಕುಳಿತರೆ ಯಾರೂ ಇಣುಕಿಯೂ ನೋಡುವುದಿಲ್ಲ. ಹಣ ಕೊಟ್ಟು ಮುಖಪುಟದಲ್ಲಿ ಜಾಹೀರಾತು ಹಾಕಿಸೋಣವೆಂದರೆ ಸ್ಟೀಮ್ ಆ ಜಾಗವನ್ನು ಮಾರುವುದೇ ಇಲ್ಲ. ಈ ಕಾರಣಕ್ಕೆ, ಹೆಸರಿಲ್ಲದ ತಯಾರಕನೊಬ್ಬ ಅಂಗಡಿಯ ಮುಂಬಾಗಿಲಿನ ಹತ್ತಿರಕ್ಕೆ ಬರಲು ಇರುವ ಕೆಲವೇ ದಾರಿಗಳಲ್ಲಿ ವಿಷಯವಾರು ಹಬ್ಬವೂ ಒಂದಾಗಿದೆ.

ಈ ಹಬ್ಬಗಳ ಸ್ವರೂಪವನ್ನು ನಮ್ಮ ಕಡೆಯವರಿಗೆ ವಿವರಿಸಲು ಹಲಸಿನ ಮೇಳದ ಹೋಲಿಕೆ ಸಾಕು. ಮೂರು ವರ್ಷಕ್ಕೊಮ್ಮೆ ನಡೆಯುವ ಸಾಗರದ ಮಾರಿಕಾಂಬಾ ಜಾತ್ರೆಗೆ ಬರುವ ಜನಸಾಗರದಲ್ಲಿ ಬಳೆಗೆ ಬಂದವರು, ಬೆಂಡು ಬತ್ತಾಸಿಗೆ ಬಂದವರು, ತೊಟ್ಟಿಲು ಏರಲು ಬಂದ ಮಕ್ಕಳು ಎಲ್ಲರೂ ಇರುತ್ತಾರೆ. ಅಲ್ಲಿ ಒಳ್ಳೆಯ ರುದ್ರಾಕ್ಷಿ ಹಲಸಿನ ಸಸಿ ಇಟ್ಟುಕೊಂಡು ಕುಳಿತವನನ್ನು ಗುರುತಿಸುವವರು ಕಡಿಮೆ. ಹಲಸಿನ ಮೇಳಕ್ಕೆ ಬರುವವರಾದರೋ ತೊಳೆಯ ಬಣ್ಣ ನೋಡಿ ತಳಿ ಹೇಳಬಲ್ಲವರು, ಅಲ್ಲದಿದ್ದರೆ ಹಾಗೆ ಹೇಳಲು ಕಲಿಯಬೇಕೆಂದು ಬಂದವರು. ಸ್ಟೀಮ್‌ನ ಬೇಸಿಗೆ ಮತ್ತು ಚಳಿಗಾಲದ ದೊಡ್ಡ ರಿಯಾಯಿತಿ ಮಾರಾಟಗಳು ಜಾತ್ರೆಯಂತಾದರೆ, ವಿಷಯವಾರು ಹಬ್ಬಗಳು ಮೇಳದಂತೆ. ಒಂದು ವಾರ ಇಸ್ಪೀಟಿನ ಕಟ್ಟು ಹೊಂದಿಸುವಂಥ ಆಟಗಳಿಗೆ, ಇನ್ನೊಂದು ವಾರ ನಗರ ಕಟ್ಟುವ ಆಟಗಳಿಗೆ, ಮತ್ತೊಂದು ವಾರ ಕಾರ್ಖಾನೆ ಜೋಡಿಸುವ ಆಟಗಳಿಗೆ, ಅಕ್ಟೋಬರ್ ಕೊನೆಯಲ್ಲಿ ಹೆದರಿಸುವ ಆಟಗಳಿಗೆ ಎಂದು ವರ್ಷದ ಪಂಚಾಂಗವನ್ನು ವಾಲ್ವ್ ತಿಂಗಳುಗಳ ಮೊದಲೇ ಪ್ರಕಟಿಸುತ್ತದೆ. ಭಾಗವಹಿಸಲು ಶುಲ್ಕವಿಲ್ಲ. ಈಗಾಗಲೇ ಬಿಡುಗಡೆಯಾದ ಆಟಗಳೂ, ಇನ್ನೂ ತಯಾರಿಯಲ್ಲಿರುವ ಆಟಗಳೂ ಸೇರಬಹುದು. ರಿಯಾಯಿತಿ ಕೊಡಲೇಬೇಕೆಂಬ ನಿಯಮವೂ ಇಲ್ಲ. ಆಟದ ಬಗೆ ಹೇಳಲು ಅದಕ್ಕೆ ಅಂಟಿಸಿದ ಟ್ಯಾಗ್‌ಗಳನ್ನೂ ವಿವರಣೆಯನ್ನೂ ನೋಡಿ ಅರ್ಹತೆ ತೀರ್ಮಾನವಾಗುತ್ತದೆ.

ನಾವು ಮೊದಲು ಸೇರಿದ್ದು 2024ರ ಏಪ್ರಿಲ್ 29ರಿಂದ ಮೇ 6ರವರೆಗೆ ನಡೆದ ಕೃಷಿ ಆಟಗಳ ಹಬ್ಬಕ್ಕೆ, ಅಂದರೆ ಸ್ಟೀಮ್ ಫಾರ್ಮಿಂಗ್ ಫೆಸ್ಟ್‌ಗೆ. ಆಗ ನಮ್ಮ ಆಟ ಬಿಡುಗಡೆಯಾಗಿರಲಿಲ್ಲ. ಮಳಿಗೆಯ ಪುಟವೂ ಸುಮಾರು ಇಪ್ಪತ್ತು ನಿಮಿಷ ಉಚಿತವಾಗಿ ಆಡಿ ನೋಡಬಹುದಾದ ಒಂದು ಡೆಮೊ ಕೂಡ ಇದ್ದವು. ಹಬ್ಬ ಆರಂಭವಾಗುವುದು ಅಮೆರಿಕದ ಪಶ್ಚಿಮ ಕರಾವಳಿಯ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ, ಅಂದರೆ ಬೇಸಿಗೆಯಲ್ಲಿ ನಮ್ಮಲ್ಲಿ ರಾತ್ರಿ ಹತ್ತೂವರೆಗೆ. ಊಟ ಮುಗಿಸಿ, ಹೊರಗೆ ಒಂದು ದೊಡ್ಡ ಮಳೆ ಬಂದು ಹೋದ ಮೇಲೆ, ಲ್ಯಾಪ್‌ಟಾಪಿನ ಮುಂದೆ ನಾವಿಬ್ಬರೂ ಕುಳಿತಿದ್ದೆವು. ಮೊದಲ ಎರಡು ದಿನಗಳಲ್ಲಿ ನಮ್ಮ ಪುಟಕ್ಕೆ ಬಂದುಹೋದವರು ಅದಕ್ಕೂ ಹಿಂದಿನ ಎರಡು ತಿಂಗಳಲ್ಲಿ ಬಂದವರಿಗಿಂತ ಹೆಚ್ಚಾಗಿದ್ದರು. ಬಂದವರಲ್ಲಿ ಒಳ್ಳೆಯ ಪಾಲು ಜನ ಆಟವನ್ನು ತಮ್ಮ ವಿಶ್‌ಲಿಸ್ಟ್‌ಗೆ ಸೇರಿಸಿಕೊಂಡರು. ಆ ಒಂದು ಸಂಗತಿಗಾಗಿಯೇ ಈ ಸೇವೆಯನ್ನು ನಾನು ಮೆಚ್ಚುತ್ತೇನೆ.

ವಿಶ್‌ಲಿಸ್ಟ್ ಎಂದರೆ ಏನೆಂದು ಅಪ್ಪಯ್ಯ ಮರುದಿನ ಬೆಳಿಗ್ಗೆ ಕೇಳಿದರು. "ದುಡ್ಡು ಕೊಡದೆ ಬರೀ ಹೆಸರು ಬರೆಸಿ ಹೋದರೆ ನಮಗೇನು ಬಂತು ಮಗಾ?" ಎಂಬುದು ಅವರ ಪ್ರಶ್ನೆಯಾಗಿತ್ತು. ಅದು ನ್ಯಾಯವಾದ ಪ್ರಶ್ನೆಯೇ. ನರ್ಸರಿಯಲ್ಲಿ ಸಸಿ ಇನ್ನೂ ಎದ್ದಿಲ್ಲದಾಗಲೇ "ಬಂದಾಗ ಒಂದು ಮಾತು ಹೇಳಿ" ಎಂದು ಫೋನ್ ನಂಬರ್ ಕೊಟ್ಟು ಹೋಗುವ ಗಿರಾಕಿಯಂತೆ ಅದು ಎಂದು ಅವರಿಗೆ ವಿವರಿಸಿದೆ. ಆಟ ಬಿಡುಗಡೆಯಾದ ದಿನ ಸ್ಟೀಮ್ ತಾನಾಗಿ ಆ ಎಲ್ಲರಿಗೂ ಮಿಂಚಂಚೆ ಕಳುಹಿಸುತ್ತದೆ. ಮುಂದೆ ಶೇಕಡ 20 ಅಥವಾ ಅದಕ್ಕಿಂತ ಹೆಚ್ಚಿನ ರಿಯಾಯಿತಿ ಕೊಟ್ಟಾಗಲೂ ತಿಳಿಸುತ್ತದೆ. ಬಿಡುಗಡೆಗೆ ಮುನ್ನ ಸಾಕಷ್ಟು ಜನ ಹೀಗೆ ಹೆಸರು ಬರೆಸಿದ್ದರೆ, ಸದ್ಯದಲ್ಲೇ ಬರಲಿರುವ ಜನಪ್ರಿಯ ಆಟಗಳ ಪಟ್ಟಿಯಲ್ಲಿ ಜಾಗ ಸಿಗುವ ಸಾಧ್ಯತೆ ಇರುತ್ತದೆ, ಅಲ್ಲಿಂದ ಇನ್ನಷ್ಟು ಜನ ಬರುತ್ತಾರೆ. ಹಬ್ಬದ ವಾರದಲ್ಲಿ ನಮ್ಮ ಕೈಗೆ ಬಂದದ್ದು ಹಣವಲ್ಲ. ಒಂದು ವರ್ಷದ ನಂತರ ನಾವು ಬಾಗಿಲು ತೆರೆಯುವ ದಿನ ಬರುವುದಾಗಿ ಹೇಳಿ ಹೋದವರ ಪಟ್ಟಿ.

ಹಬ್ಬದ ಫಲ ಮಳಿಗೆಯ ಸಿದ್ಧತೆಯನ್ನು ಅವಲಂಬಿಸಿದೆ ಎಂಬುದು ನಮಗೆ ಅರಿವಾದದ್ದು ಮೂರನೆಯ ದಿನ. ಹಬ್ಬದ ಪುಟದಲ್ಲಿ ಪ್ರತಿ ಆಟವೂ ಒಂದು ಪುಟ್ಟ ಚಿತ್ರವಾಗಿ ಕಾಣುತ್ತದೆ. ತಯಾರಕರು ಆ ಚಿತ್ರವನ್ನು ಕ್ಯಾಪ್ಸೂಲ್ ಎನ್ನುತ್ತಾರೆ. ತಂಗಿ ಮೊದಲು ಬರೆದ ಕ್ಯಾಪ್ಸೂಲಿನಲ್ಲಿ ಮಂಜು ಕವಿದ ಇಡೀ ತೋಟವಿತ್ತು, ಹಿಂದೆ ಗುಡ್ಡದ ಸಾಲು, ಮುಂದೆ ತೊರೆ. ದೊಡ್ಡದಾಗಿ ನೋಡಿದಾಗ ಅದು ಬಹಳ ಸೊಗಸಾದ ಚಿತ್ರ. ಬೆರಳಗಲಕ್ಕೆ ಕುಗ್ಗಿದಾಗ ಮಾತ್ರ ಅದು ಹಸಿರು ಬಣ್ಣ ಚೆಲ್ಲಿದ ಹಾಗೆ ಕಾಣುತ್ತಿತ್ತು, ಆಟದ ಹೆಸರನ್ನು ಓದಲೂ ಆಗುತ್ತಿರಲಿಲ್ಲ. ಎಷ್ಟು ಬಾರಿ ಚಿತ್ರ ಜನರ ಕಣ್ಣಿಗೆ ಬಿತ್ತು, ಅವರಲ್ಲಿ ಎಷ್ಟು ಮಂದಿ ಒಳಗೆ ಬಂದರು ಎಂಬ ಲೆಕ್ಕವನ್ನು ಸ್ಟೀಮ್ ತಯಾರಕರಿಗೆ ಕೊಡುತ್ತದೆ. ಆ ಎರಡು ಸಂಖ್ಯೆಗಳ ನಡುವಿನ ಅಂತರವನ್ನು ನೋಡಿ ತಂಗಿ ಒಂದೇ ರಾತ್ರಿಯಲ್ಲಿ ಹೊಸ ಚಿತ್ರ ಬರೆದಳು: ಮರದ ತುದಿಯಲ್ಲಿ ಒಬ್ಬ ಕೊನೆಗಾರ, ಅವನ ಕೈಯಲ್ಲಿ ಕತ್ತಿ, ಪಕ್ಕದಲ್ಲಿ ಕೆಂಪಗೆ ಹಣ್ಣಾದ ಒಂದೇ ಒಂದು ಕೊನೆ, ದಪ್ಪ ಅಕ್ಷರದಲ್ಲಿ ಹೆಸರು. ಮರುದಿನದಿಂದಲೇ ಒಳಬರುವವರು ಹೆಚ್ಚಿದರು. ಈ ಚಿತ್ರದ ಮೇಲೆ ಪ್ರಶಸ್ತಿಯ ಗುರುತು, ವಿಮರ್ಶೆಯ ಸಾಲು, ರಿಯಾಯಿತಿಯ ಘೋಷಣೆ ಯಾವುದನ್ನೂ ಹಾಕುವಂತಿಲ್ಲ ಎಂಬ ನಿಯಮವನ್ನು ಸ್ಟೀಮ್ 2022ರಲ್ಲಿ ತಂದಿದೆ. ನಮ್ಮಂಥವರಿಗೆ ಅದು ಅನುಕೂಲವೇ ಆಗಿದೆ, ಏಕೆಂದರೆ ದೊಡ್ಡ ಕಂಪನಿಯ ಚಿತ್ರವೂ ನಮ್ಮ ಚಿತ್ರವೂ ಬರೀ ಚಿತ್ರಗಳಾಗಿಯೇ ಅಕ್ಕಪಕ್ಕ ನಿಲ್ಲುತ್ತವೆ.

ಡೆಮೊದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಆಟದ ಯಾವ ತುಣುಕನ್ನು ಉಚಿತವಾಗಿ ಆಡಲು ಕೊಡಬೇಕೆಂಬ ಬಗ್ಗೆ ನಮ್ಮಿಬ್ಬರಲ್ಲಿ ದೊಡ್ಡ ಚರ್ಚೆಯಾಗಿತ್ತು. ಮೊದಲ ಕೊಯ್ಲನ್ನು ತೋರಿಸೋಣ, ಅದು ನೋಡಲು ಚೆಂದ ಎಂದು ನನ್ನ ವಾದ. ಮಳೆಗಾಲದ ಆತಂಕವನ್ನು ತೋರಿಸೋಣ ಎಂದು ತಂಗಿಯ ವಾದ. ಕೊನೆಗೆ ಅವಳ ಮಾತೇ ನಿಂತಿತು. ಡೆಮೊದಲ್ಲಿ ಆಟಗಾರ ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್ ಎಂಬ ಅಳತೆಯಲ್ಲಿ ಶೇಕಡ 1ರ ಬೋರ್ಡೋ ದ್ರಾವಣ ತಯಾರಿಸುತ್ತಾನೆ. ಆಕಾಶ ನೋಡಿಕೊಂಡು ಯಾವ ಭಾಗಕ್ಕೆ ಮೊದಲು ಹೊಡೆಸಬೇಕೆಂದು ತೀರ್ಮಾನಿಸುತ್ತಾನೆ. ಅರ್ಧ ತೋಟ ಮುಗಿಯುವಷ್ಟರಲ್ಲಿ ಮಳೆ ಹಿಡಿಯುತ್ತದೆ, ಡೆಮೊ ಅಲ್ಲಿಗೆ ನಿಲ್ಲುತ್ತದೆ. ಉಳಿದ ಅರ್ಧ ತೋಟ ಏನಾಯಿತು ಎಂದು ಕೇಳಿ ಪೋಲೆಂಡ್, ಬ್ರೆಜಿಲ್, ಜಪಾನ್ ಕಡೆಗಳಿಂದ ಆಟಗಾರರು ಬರೆದರು. ಗೋಧಿ ಗದ್ದೆಗಳಲ್ಲಿ ಟ್ರ್ಯಾಕ್ಟರ್ ಓಡಿಸುವ, ಮುದ್ದಾದ ಹಳ್ಳಿಗಳಲ್ಲಿ ಟರ್ನಿಪ್ ಬೆಳೆಯುವ ಆಟಗಳ ನಡುವೆ ನಮ್ಮ ಕೊಳೆರೋಗವನ್ನು ಯಾರು ಕೇಳುತ್ತಾರೆ ಎಂಬ ನನ್ನ ಅಳುಕು ಅಲ್ಲಿಗೆ ಕಳೆಯಿತು. ಕೃಷಿ ಆಟಗಳನ್ನು ಹುಡುಕಿ ಬಂದವರಿಗೆ ತಾವು ಹಿಂದೆಂದೂ ಮಾಡದ ಕೃಷಿಯೇ ಹೆಚ್ಚು ಆಕರ್ಷಕವಾಗಿತ್ತು. ಸಾಮಾನ್ಯ ಮಾರಾಟದ ಗದ್ದಲದಲ್ಲಿ ಈ ವಸ್ತುವೇ ನಮಗೆ ಅಡ್ಡಿಯಾಗುತ್ತಿತ್ತು, ವಿಷಯವಾರು ಹಬ್ಬದಲ್ಲಿ ಅದೇ ನಮ್ಮ ಗುರುತಾಯಿತು. ಡೆಮೊದಿಂದ ಇನ್ನೊಂದು ಪ್ರಯೋಜನವೂ ಇದೆ. ಖರೀದಿಸಿದ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಸ್ಟೀಮ್ ಹಣ ಮರಳಿಸುತ್ತದೆ. ಆಟ ತನಗೆ ಒಗ್ಗುತ್ತದೆಯೇ ಎಂದು ಮೊದಲೇ ಆಡಿ ನೋಡಿದವರು ಹೀಗೆ ಹಣ ವಾಪಸ್ ಕೇಳುವುದು ಕಡಿಮೆ. 2024ರ ಜುಲೈನಿಂದ ಡೆಮೊಗೆ ಪ್ರತ್ಯೇಕ ಪುಟವನ್ನೂ ಅದರದೇ ಆದ ವಿಮರ್ಶೆಗಳನ್ನೂ ಇಟ್ಟುಕೊಳ್ಳುವ ಅವಕಾಶ ಬಂದಿದೆ.

ವಿಷಯಕ್ಕೆ ಹೊಂದದ ಹಬ್ಬಕ್ಕೆ ಹೋಗಬಾರದು ಎಂಬುದನ್ನು ಸಾಗರದ ನನ್ನ ಗೆಳೆಯನೊಬ್ಬನ ಅನುಭವದಿಂದ ಕಲಿತೆ. ಹಳೆಯ ಚೌಕಿ ಮನೆಯೊಂದರ ಅಟ್ಟದಲ್ಲಿ ಮಳೆಯ ರಾತ್ರಿ ದೀಪ ಹಿಡಿದು, ಪೆಟ್ಟಿಗೆಗಳನ್ನು ಅತ್ತಿತ್ತ ತಳ್ಳಿ ದಾರಿ ಮಾಡಿಕೊಳ್ಳುವುದು ಅವನ ಆಟ. ಕತ್ತಲೆ ಇದೆ, ಮಳೆ ಇದೆ, ಹಳೆಯ ಮನೆ ಇದೆ ಎಂಬ ಕಾರಣಕ್ಕೆ ಅವನು ಅದಕ್ಕೆ ಭಯಾನಕ ಎಂಬ ಟ್ಯಾಗ್ ಅಂಟಿಸಿ 2024ರ ಅಕ್ಟೋಬರ್ ಕೊನೆಯ ಸ್ಕ್ರೀಮ್ ಹಬ್ಬಕ್ಕೆ ಸೇರಿಸಿದ. ಬೆಚ್ಚಿಬೀಳಬೇಕೆಂದು ಬಂದವರಿಗೆ ಸಿಕ್ಕಿದ್ದು ಒಗಟು. ಆಟ ಕೆಟ್ಟದ್ದೆಂದು ಅವರಾರೂ ಹೇಳಲಿಲ್ಲ. ತಾವು ಕೇಳಿದ್ದು ಇದಲ್ಲ ಎಂದು ಬರೆದರು, ಹೆಬ್ಬೆರಳು ಕೆಳಗೆ ಮಾಡಿ ಹೋದರು. ಆಮೇಲೆ ಅವನು ಆ ಟ್ಯಾಗ್ ತೆಗೆದುಹಾಕಿದ. ಪೆಟ್ಟಿಗೆ ತಳ್ಳುವ ಒಗಟುಗಳಿಗೆ 1982ರಲ್ಲಿ ಜಪಾನಿನಲ್ಲಿ ಪ್ರಕಟವಾದ ಸೊಕೊಬಾನ್ ಎಂಬ ಆಟದ ಹೆಸರೇ ನಿಂತುಬಿಟ್ಟಿದೆ. 2025ರ ಏಪ್ರಿಲ್‌ನಲ್ಲಿ ಸ್ಟೀಮ್ ಆ ಬಗೆಯ ಆಟಗಳಿಗಾಗಿಯೇ ಹಬ್ಬ ನಡೆಸಿದಾಗ ಇವನೂ ಸೇರಿದ. ಭಯಾನಕ ಆಟಗಳ ಹಬ್ಬಕ್ಕೆ ಹೋಲಿಸಿದರೆ ಅಲ್ಲಿ ಬಂದ ಜನ ಬಹಳ ಕಡಿಮೆ, ಆದರೆ ಬಂದವರು ಕುಳಿತು ಕೊನೆಯ ಒಗಟಿನವರೆಗೂ ಆಡಿದರು, ಎಷ್ಟು ಹೆಜ್ಜೆಗಳಲ್ಲಿ ಬಿಡಿಸಬಹುದು ಎಂದು ತಮ್ಮತಮ್ಮಲ್ಲೇ ಚರ್ಚಿಸಿದರು. ಟ್ಯಾಗ್ ಎಂಬುದು ಗಿರಾಕಿಗೆ ಕೊಟ್ಟ ಮಾತು ಎಂದು ನಾನು ತಿಳಿಯುತ್ತೇನೆ. ಒಳ್ಳೆಯ ದರ್ಜೆಯ ಬೆಟ್ಟೆ ಅಡಿಕೆ ಎಂದು ಚೀಲದ ಮೇಲೆ ಬರೆದು ಒಳಗೆ ಕಡಿಮೆ ದರ್ಜೆಯ ಗೊರಬಲು ತುಂಬಿದರೆ ಮಂಡಿಯಲ್ಲಿ ಮುಂದಿನ ಸಲ ಆ ಚೀಲವನ್ನು ಯಾರೂ ಮುಟ್ಟುವುದಿಲ್ಲ.

ಇದರ ಜೊತೆಗೆ ಸ್ಟೀಮ್ ನೆಕ್ಸ್ಟ್ ಫೆಸ್ಟ್ ಎಂಬ ಇನ್ನೊಂದು ದೊಡ್ಡ ಹಬ್ಬವಿದೆ. ಅದು ವರ್ಷಕ್ಕೆ ಮೂರು ಬಾರಿ, ಫೆಬ್ರವರಿ, ಜೂನ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ನಡೆಯುತ್ತದೆ. ಬಿಡುಗಡೆಯಾಗದ ಆಟಗಳಿಗೆ ಮಾತ್ರ ಪ್ರವೇಶ, ಡೆಮೊ ಕಡ್ಡಾಯ, ಒಂದು ಆಟಕ್ಕೆ ಜೀವಮಾನದಲ್ಲಿ ಒಂದೇ ಅವಕಾಶ. ವಿಷಯವಾರು ಹಬ್ಬಕ್ಕೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಈ ಒಂದೇ ಅವಕಾಶದ ನಿಯಮ. ನಾವು ಇದನ್ನು ಕೊನೆಗೆ ಇಟ್ಟುಕೊಂಡು 2025ರ ಫೆಬ್ರವರಿಯಲ್ಲಿ ಸೇರಿದೆವು, ಏಪ್ರಿಲ್‌ನಲ್ಲಿ ಆಟ ಬಿಡುಗಡೆ ಮಾಡಿದೆವು. ನೆಕ್ಸ್ಟ್ ಫೆಸ್ಟ್‌ನಲ್ಲಿ ಬಂದ ಜನರ ಸಂಖ್ಯೆ ಕೃಷಿ ಹಬ್ಬಕ್ಕಿಂತ ದೊಡ್ಡದು. ಆದರೆ ಡೆಮೊವನ್ನು ಪೂರ್ತಿ ಆಡಿದವರ ಪ್ರಮಾಣ, ಆಡಿದ ಮೇಲೆ ನಾಲ್ಕು ಸಾಲು ಬರೆದು ತಿಳಿಸಿದವರ ಪ್ರಮಾಣ ಕೃಷಿ ಹಬ್ಬದಲ್ಲೇ ಹೆಚ್ಚಾಗಿತ್ತು. ಕೃಷಿ ಹಬ್ಬದಲ್ಲಿ ಬಂದ ಸಲಹೆಗಳಿಂದ ತಿದ್ದಿದ ಡೆಮೊವೇ ನೆಕ್ಸ್ಟ್ ಫೆಸ್ಟ್‌ಗೆ ಹೋದದ್ದರಿಂದ ಅಲ್ಲಿನ ಒಂದೇ ಅವಕಾಶ ಹಾಳಾಗಲಿಲ್ಲ.

ಬಿಡುಗಡೆಯ ನಂತರ ನಾವು ಮಾಡಿದ ಒಂದು ತಪ್ಪನ್ನು ಇಲ್ಲಿ ದಾಖಲಿಸುವುದು ಅಗತ್ಯ. ಸ್ಟೀಮ್‌ನಲ್ಲಿ ಒಂದು ರಿಯಾಯಿತಿ ಮುಗಿದ ಮೇಲೆ 30 ದಿನಗಳವರೆಗೆ ಇನ್ನೊಂದು ರಿಯಾಯಿತಿ ಕೊಡುವಂತಿಲ್ಲ; ವರ್ಷದ ದೊಡ್ಡ ಋತು ಮಾರಾಟಗಳಿಗೆ ಮಾತ್ರ ಈ ಕಟ್ಟು ಅನ್ವಯಿಸುವುದಿಲ್ಲ. 2025ರ ಗೌರಿ ಗಣೇಶ ಹಬ್ಬಕ್ಕೆ ನಮ್ಮ ಊರಿನವರಿಗೂ ಬೆಂಗಳೂರಿನ ಗೆಳೆಯರಿಗೂ ಕಡಿಮೆ ಬೆಲೆಗೆ ಸಿಗಲಿ ಎಂದು ಪ್ರೀತಿಯಿಂದ ಒಂದು ವಾರದ ರಿಯಾಯಿತಿ ಇಟ್ಟೆವು. ಹದಿನೈದು ದಿನ ಕಳೆಯುವಷ್ಟರಲ್ಲಿ, ಹೊರಗಿನ ಸಂಘಟಕರೊಬ್ಬರು ನಡೆಸುವ, ನಮ್ಮ ಆಟಕ್ಕೆ ಹೇಳಿ ಮಾಡಿಸಿದಂಥ ವಿಷಯದ ಹಬ್ಬಕ್ಕೆ ನಾವು ಆಯ್ಕೆಯಾದ ಸುದ್ದಿ ಬಂತು. ಸೇರಿದೆವು, ಆದರೆ ರಿಯಾಯಿತಿ ಕೊಡಲಾಗಲಿಲ್ಲ. ರಿಯಾಯಿತಿ ಇಲ್ಲದ್ದರಿಂದ ನಮ್ಮನ್ನು ವಿಶ್‌ಲಿಸ್ಟ್‌ನಲ್ಲಿ ಇಟ್ಟುಕೊಂಡವರಿಗೆ ಮಿಂಚಂಚೆ ಹೋಗಲಿಲ್ಲ, ಹಬ್ಬದ ಪುಟದಲ್ಲಿ ಕಡಿಮೆ ಬೆಲೆಯ ಆಟಗಳಿಗೆಂದೇ ಇದ್ದ ಸಾಲಿನಲ್ಲಿ ನಮ್ಮ ಚಿತ್ರ ಬರಲಿಲ್ಲ. ಪಕ್ಕದ ಆಟಗಳು ಮಾರಾಟವಾಗುತ್ತಿದ್ದಾಗ ನಮ್ಮದನ್ನು ಜನ ನೋಡಿ ಮುಂದೆ ಹೋಗುತ್ತಿದ್ದುದು ಲೆಕ್ಕದಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಆ ದಿನದಿಂದ ಅಪ್ಪಯ್ಯನ ಒಂಟಿಕೊಪ್ಪಲ್ ಪಂಚಾಂಗದ ಪಕ್ಕದಲ್ಲೇ ನಮ್ಮದೂ ಒಂದು ಕ್ಯಾಲೆಂಡರ್ ಗೋಡೆಯ ಮೇಲಿದೆ. ಯಾವ ಹಬ್ಬ ಎಂದು ಶುರು, ಅದಕ್ಕೆ ಮೂವತ್ತು ದಿನ ಮೊದಲು ಯಾವ ರಿಯಾಯಿತಿಯೂ ಇರಬಾರದು ಎಂಬುದನ್ನು ತಂಗಿ ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತಾಳೆ.

ವಾಲ್ವ್ ತಾನೇ ನಡೆಸುವ ಹಬ್ಬಗಳಲ್ಲದೆ, ಹೀಗೆ ಹೊರಗಿನವರು ಸ್ಟೀಮ್‌ನ ಅಂಗಳದಲ್ಲೇ ನಡೆಸುವ ಹಬ್ಬಗಳೂ ಸಾಕಷ್ಟಿವೆ. ಕಥನ ಪ್ರಧಾನ ಆಟಗಳಿಗಾಗಿ 2019ರಿಂದ ನಡೆದುಬಂದಿರುವ ಲೂಡೋನರಾಕಾನ್ ಅವುಗಳಲ್ಲಿ ಹೆಸರಾದದ್ದು. ಇವುಗಳಿಗೆ ತಿಂಗಳುಗಳ ಮೊದಲೇ ಅರ್ಜಿ ಹಾಕಬೇಕು, ಆಯ್ಕೆ ಮನುಷ್ಯರು ನೋಡಿ ಮಾಡುವಂಥದ್ದು, ಆಟಗಳ ಸಂಖ್ಯೆ ಕಡಿಮೆ. ಆದ್ದರಿಂದ ಸಿಕ್ಕ ಜಾಗಕ್ಕೆ ಬೆಲೆ ಹೆಚ್ಚು. ನೇರಪ್ರಸಾರದಲ್ಲಿ ಟ್ರೇಲರ್ ತೋರಿಸಲು ಶುಲ್ಕ ಕೇಳುವ ಸಂಘಟಕರೂ ಇದ್ದಾರೆ. ನಾವು ಅಂಥವಕ್ಕೆ ಹೋಗಿಲ್ಲ.

ಪ್ರಚಾರಕ್ಕೆಂದು ನಾವು ಹಣ ತೆತ್ತದ್ದು ಒಂದೇ ಸಲ. ಆರಂಭದಲ್ಲಿ ಒಂದು ಸಂಸ್ಥೆಯವರು ಸಾಮಾಜಿಕ ಜಾಲತಾಣಗಳಲ್ಲಿ ಆಟವನ್ನು ಹಬ್ಬಿಸುತ್ತೇವೆಂದು ಹೇಳಿ, ನಮ್ಮ ಒಂದು ಕ್ವಿಂಟಲ್ ಅಡಿಕೆಯ ಬೆಲೆಗೆ ಹತ್ತಿರವಾಗುವಷ್ಟು ಹಣ ಪಡೆದರು. ಬಂದ ಭೇಟಿಗಳು ಬಹಳ, ಡೆಮೊ ಆಡಿದವರು ಬೆರಳೆಣಿಕೆಯಷ್ಟು. ಅದೇ ಪುಟ, ಅದೇ ಚಿತ್ರ, ಅದೇ ಡೆಮೊ ಕೃಷಿ ಹಬ್ಬದಲ್ಲಿ ಖರ್ಚಿಲ್ಲದೆ ಪಡೆದದ್ದನ್ನು ಪಕ್ಕದಲ್ಲಿಟ್ಟು ನೋಡಿದಾಗ ನಮಗೆ ಬಹಳ ನೋವಾಯಿತು. ಜನರನ್ನು ಎಳೆದು ತರುವುದಕ್ಕೂ, ಬರಬೇಕೆಂದು ಹೊರಟವರ ದಾರಿಯಲ್ಲಿ ನಿಲ್ಲುವುದಕ್ಕೂ ಇರುವ ಅಂತರ ನಮಗೆ ಅಲ್ಲಿ ಕಂಡಿತು.

ಈ ಸೇವೆಯ ಕೊರತೆಗಳನ್ನೂ ಹೇಳಬೇಕು. ಹಬ್ಬದ ಪುಟದಲ್ಲಿ ಮೊದಲು ಕಾಣುವ ಸಾಲುಗಳು ಹೆಚ್ಚು ಮಾರಾಟವಾದ, ಹೆಚ್ಚು ಜನ ಬಯಸಿದ ಆಟಗಳವು. ಕೃಷಿ ಆಟಗಳೆಂದರೆ 2016ರಲ್ಲಿ ಒಬ್ಬನೇ ತಯಾರಕ ಕಟ್ಟಿ ಬಿಡುಗಡೆ ಮಾಡಿ ಜಗತ್ತನ್ನೇ ಗೆದ್ದ ಸ್ಟಾರ್‌ಡ್ಯೂ ವ್ಯಾಲಿಯಂಥ ಆಟ ನೆನಪಿಗೆ ಬರುವುದು ಸಹಜ. ಅಂಥವುಗಳ ಎದುರು ಹೊಸಬರ ಚಿತ್ರ ಸಿಗಬೇಕಾದರೆ ಆಟಗಾರ ಪುಟವನ್ನು ಸಾಕಷ್ಟು ಕೆಳಗೆ ಸರಿಸಿ, ಒಳವಿಭಾಗಗಳನ್ನು ತೆರೆದು ಹುಡುಕಬೇಕು. ಪುಟ ಪ್ರತಿಯೊಬ್ಬ ಆಟಗಾರನ ಅಭಿರುಚಿಗೆ ತಕ್ಕಂತೆ ಹೊಂದಿಕೊಳ್ಳುವುದರಿಂದ ಈ ಅನನುಕೂಲ ಒಂದಿಷ್ಟು ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಇನ್ನೊಂದು, ಹಬ್ಬಗಳ ವಿಷಯ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಈ ವರ್ಷ ಕೃಷಿಯ ಹಬ್ಬವಿದ್ದರೆ ಮುಂದಿನ ವರ್ಷವೂ ಇರುತ್ತದೆ ಎಂದು ನಂಬಿ ಕೂರುವಂತಿಲ್ಲ. ತನ್ನ ಆಟದ ವಸ್ತುವಿಗೆ ಹಬ್ಬವೇ ಇಲ್ಲದ ತಯಾರಕ ಏನು ಮಾಡಬೇಕು ಎಂಬುದಕ್ಕೆ ಈ ವ್ಯವಸ್ಥೆಯಲ್ಲಿ ಉತ್ತರವಿಲ್ಲ.

ಭಾಷೆಯ ವಿಷಯ ನನಗೆ ಹತ್ತಿರದ್ದು. ಸ್ಟೀಮ್‌ನ ಅಂಗಡಿಯ ಮುಖ ಕನ್ನಡದಲ್ಲಿ ದೊರೆಯುವುದಿಲ್ಲ. ನಮ್ಮ ಆಟವನ್ನು ಪೂರ್ತಿಯಾಗಿ ಕನ್ನಡದಲ್ಲಿ ಆಡಬಹುದು, ಆದರೆ ಅದನ್ನು ತಲುಪುವ ದಾರಿಯೆಲ್ಲ ಇಂಗ್ಲಿಷಿನಲ್ಲಿಯೇ ಇದೆ. ಸ್ಟೀಮ್ ಪ್ರತಿ ತಿಂಗಳು ಪ್ರಕಟಿಸುವ ಸಮೀಕ್ಷೆಯಲ್ಲಿ ಇಂಗ್ಲಿಷ್ ಮತ್ತು ಸರಳೀಕೃತ ಚೀನೀ ಭಾಷೆಗಳೇ ಮೊದಲೆರಡು ಸ್ಥಾನಗಳಲ್ಲಿ ಇರುವುದನ್ನು ನೋಡಿ ಮಳಿಗೆಯ ವಿವರಣೆಯನ್ನು ಆ ಎರಡರಲ್ಲೂ ಬರೆಸಿದೆವು. ಆಟದೊಳಗಿನ ಕೊನೆ, ಹಾಳೆ, ಚೊಗರು, ರಾಶಿ ಎಂಬ ಪದಗಳನ್ನು ಮಾತ್ರ ಯಾವ ಭಾಷೆಗೂ ಬದಲಿಸದೆ ಹಾಗೆಯೇ ಇಟ್ಟೆವು. ಹಬ್ಬದ ವಾರದಲ್ಲಿ ವಿದೇಶದ ಆಟಗಾರರು ತಮ್ಮತಮ್ಮ ಲಿಪಿಯಲ್ಲಿ "ಚೊಗರು" ಎಂದು ಬರೆದು ಅದು ಯಾಕೆ ಅಷ್ಟು ಕೆಂಪು ಎಂದು ಕೇಳಿದ್ದನ್ನು ಅಪ್ಪಯ್ಯನಿಗೆ ಓದಿ ಹೇಳಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ, ಆಮೇಲೆ ಎಳೆಯ ಅಡಿಕೆ ಬೇಯಿಸಿದ ನೀರೇ ಚೊಗರಾಗುವ ಬಗೆಯನ್ನು ತಾವೇ ಹೇಳಿ ನನ್ನಿಂದ ಬರೆಸಿದರು.

ತಾಂತ್ರಿಕ ಸಿದ್ಧತೆಯ ಬಗ್ಗೆ ಒಂದು ಮಾತು. ಮಳಿಗೆಯ ಪುಟವನ್ನೂ ಡೆಮೊವನ್ನೂ ಪ್ರಕಟಿಸುವ ಮೊದಲು ಸ್ಟೀಮ್‌ನವರು ಪರಿಶೀಲಿಸುತ್ತಾರೆ, ಅದಕ್ಕೆ ಕೆಲವು ಕೆಲಸದ ದಿನಗಳು ಬೇಕು. ತಪ್ಪು ಹಿಡಿದು ಹಿಂದಕ್ಕೆ ಕಳುಹಿಸಿದರೆ ಮತ್ತೆ ಅಷ್ಟೇ ದಿನ ಕಾಯಬೇಕು. ಕೃಷಿ ಹಬ್ಬದ ಎರಡನೆಯ ರಾತ್ರಿ ನಮ್ಮ ಡೆಮೊದಲ್ಲಿ ಒಂದು ದೋಷ ಕಾಣಿಸಿತು: ಮಳೆ ಹಿಡಿಯುವ ಕ್ಷಣದಲ್ಲಿ ಕೆಲವು ಕಂಪ್ಯೂಟರುಗಳಲ್ಲಿ ಆಟ ನಿಂತುಹೋಗುತ್ತಿತ್ತು. ಅರ್ಧ ಗಂಟೆಯಲ್ಲಿ ಸರಿಪಡಿಸಿದೆ, ಆದರೆ ಗಾಳಿಮಳೆಗೆ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಗಿತ್ತು, ಇಂಟರ್‌ನೆಟ್ ಕೂಡ ಇರಲಿಲ್ಲ. ಬೆಳಗಿನ ಜಾವ ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬೈಕಿನಲ್ಲಿ ತೀರ್ಥಹಳ್ಳಿ ಪೇಟೆಗೆ ಹೋಗಿ, ಪರಿಚಯದವರ ಅಂಗಡಿಯಲ್ಲಿ ಕುಳಿತು ತಿದ್ದಿದ ಆವೃತ್ತಿಯನ್ನು ಏರಿಸಿದೆ. ಅಷ್ಟರಲ್ಲಿ ಹಬ್ಬದ ಅತ್ಯಂತ ಬೆಲೆಬಾಳುವ ಗಂಟೆಗಳಲ್ಲಿ ಆರೇಳು ಕಳೆದಿದ್ದವು, ಏಕೆಂದರೆ ನಮ್ಮ ನಡುರಾತ್ರಿ ಯುರೋಪಿನ ಆಟಗಾರರು, ನಮ್ಮ ಬೆಳಗಿನ ಜಾವ ಅಮೆರಿಕದ ಪೂರ್ವ ಭಾಗದವರು ಕೆಲಸ ಮುಗಿಸಿ ಆಡಲು ಕೂರುವ ಹೊತ್ತು.

ಹಬ್ಬ ಮುಗಿದ ಸೋಮವಾರ ರಾತ್ರಿ ಹತ್ತೂವರೆಗೆ ಪುಟ ಮಾಯವಾಗುತ್ತದೆ, ಭೇಟಿ ಕೊಡುವವರ ಸಂಖ್ಯೆ ಒಂದೇ ದಿನದಲ್ಲಿ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ನಮಗೆ ಉಳಿದ ವಿಶ್‌ಲಿಸ್ಟ್ ಮಾತ್ರ ಹಾಗೆ ಇಳಿಯಲಿಲ್ಲ. ಒಂದು ವರ್ಷದ ಮೇಲೆ ಬಿಡುಗಡೆಯ ದಿನ ಬಂದ ಮೊದಲ ಖರೀದಿದಾರರಲ್ಲಿ ಕೃಷಿ ಹಬ್ಬದ ಡೆಮೊ ನೆನಪಿಸಿಕೊಂಡು, ಉಳಿದ ಅರ್ಧ ತೋಟಕ್ಕೆ ಔಷಧಿ ಹೊಡೆಯಲು ಬಂದಿದ್ದೇವೆ ಎಂದು ಬರೆದವರು ಹಲವರಿದ್ದರು. ಈಗ ಶಿವಮೊಗ್ಗದಲ್ಲೋ ಸಾಗರದಲ್ಲೋ ಕೊಪ್ಪದಲ್ಲೋ ಕುಳಿತು ಆಟ ಕಟ್ಟುತ್ತಿರುವವರು ನನ್ನನ್ನು ಕೇಳಿದರೆ, ಮಳಿಗೆಯ ಪುಟವನ್ನು ಬೇಗ ತೆರೆಯಿರಿ, ನಿಮ್ಮ ವಸ್ತುವಿಗೆ ನಿಜವಾಗಿ ಹೊಂದುವ ವಿಷಯವಾರು ಹಬ್ಬಕ್ಕೆ ಬಿಡುಗಡೆಗೆ ಮುನ್ನವೇ ಒಮ್ಮೆ ಹೋಗಿಬನ್ನಿ, ಅಲ್ಲಿ ಕಲಿತದ್ದನ್ನು ತಿದ್ದಿಕೊಂಡು ನೆಕ್ಸ್ಟ್ ಫೆಸ್ಟ್‌ಗೆ ಸೇರಿ ಎಂದೇ ಹೇಳುತ್ತೇನೆ. ಡೆಮೊವನ್ನು ಪರಿಶೀಲನೆಗೆ ಕಳುಹಿಸುವ ಕೆಲಸವನ್ನು ಹಬ್ಬಕ್ಕೆ ಎರಡು ವಾರ ಮೊದಲೇ ಮುಗಿಸಿಕೊಳ್ಳಿ. ಹಬ್ಬ ಮಳೆಗಾಲದಲ್ಲಿ ಬಂದರೆ ಮೂರು ವಾರ ಮೊದಲೇ.